ಕೆಮ್ಮಿಲ್ಲ, ಕಫವಿಲ್ಲ, ಕತ್ತಿನಲ್ಲಿ ಗಂಟು: ಇದೂ ಟಿಬಿನಾ?

ಪ್ರಶ್ನೆ: ಮೇಡಂ, ನಾವು ಸಿಂಧನೂರು ಕಡೆಯವರು. ನನ್ನ ತಂಗಿಗೆ 22 ವರ್ಷ. ಆರೇಳು ತಿಂಗಳ ಹಿಂದೆ ಕತ್ತಿನ ಎಡಗಡೆ ಒಂದು ಗಂಟು ಬಂತು. ನೋವಿರಲಿಲ್ಲ. ಊರಲ್ಲಿ ಗಂಡಮಾಲೆ ಅಂತ ಹೇಳಿ ಸೊಪ್ಪು ಅರೆದು ಕಟ್ಟಿದರು, ಕರಗಲಿಲ್ಲ. ಆಮೇಲೆ ಸೂಜಿ ಪರೀಕ್ಷೆ ಮಾಡಿಸಿದಾಗ ಟಿಬಿ ಅಂದರು. ಅವಳಿಗೆ ಕೆಮ್ಮೇ ಇಲ್ಲ, ಎದೆ ಎಕ್ಸ್‌ರೇ ಚೆನ್ನಾಗಿದೆ. ಸರ್ಕಾರಿ ಮಾತ್ರೆ ಶುರು ಮಾಡಿ ಹತ್ತು ವಾರ ಆಯಿತು. ಒಂದು ದಿನವೂ ತಪ್ಪಿಸಿಲ್ಲ. ಆದರೆ ಈಗ ಗಂಟು ಮೊದಲಿಗಿಂತ ದೊಡ್ಡದಾಗಿ ಮೆತ್ತಗಾಗಿದೆ, ಪಕ್ಕದಲ್ಲಿ ಇನ್ನೊಂದು ಎದ್ದಿದೆ. ಒಬ್ಬರು "ಇದು ಮಾತ್ರೆಗೆ ಬಗ್ಗದ ಟಿಬಿ" ಅಂತಾರೆ. ಇನ್ನೊಬ್ಬರು "ಕೊಯ್ಸಿಬಿಡಿ" ಅಂತಾರೆ. ಮನೆಯಲ್ಲಿ ನನ್ನ ಮೂರು ವರ್ಷದ ಮಗಳಿದ್ದಾಳೆ. ಕಲ್ಲು ಕ್ವಾರಿಯಲ್ಲಿ ದುಡಿದು ದಮ್ಮು ಹಚ್ಚಿಕೊಂಡ ತಾತ ಇದ್ದಾರೆ. ತಂಗಿಯ ತಟ್ಟೆ ಲೋಟ ಬೇರೆ ಮಾಡಿದ್ದೇವೆ. ಮುಂದಿನ ವರ್ಷ ಅವಳ ಮದುವೆ. ಏನು ಮಾಡಲಿ?

ಉತ್ತರ: ಮೊದಲು ಆ ತಟ್ಟೆ ಲೋಟ ಎಲ್ಲರದರ ಜೊತೆ ವಾಪಸ್ ಇಡಿ. ಇವತ್ತೇ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಟಿಬಿ ಹರಡೋದು ಗಾಳಿಯಿಂದ. ಶ್ವಾಸಕೋಶದಲ್ಲೋ ಗಂಟಲಿನ ಧ್ವನಿಪೆಟ್ಟಿಗೆಯಲ್ಲೋ ಟಿಬಿ ಇರುವವರು ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ ರೋಗಾಣು ಹೊರಗೆ ಬರುತ್ತದೆ. ತಂಗಿಯ ರೋಗಾಣು ಇರೋದು ಕತ್ತಿನ ಗಂಟಿನೊಳಗೆ. ಅಲ್ಲಿಂದ ಗಾಳಿಗೆ ದಾರಿ ಇಲ್ಲ. ಎಕ್ಸ್‌ರೇ ಚೆನ್ನಾಗಿದೆ, ಕೆಮ್ಮಿಲ್ಲ ಅಂದಮೇಲೆ ಅವಳಿಂದ ನಿಮ್ಮ ಮಗಳಿಗೆ ಬರುತ್ತದೆ ಎಂಬ ಹೆದರಿಕೆ ಬೇಡ. ಇನ್ನು ತಟ್ಟೆ ಲೋಟದಿಂದಂತೂ ಶ್ವಾಸಕೋಶದ ಟಿಬಿ ಕೂಡ ಹರಡುವುದಿಲ್ಲ. ತಂಗಿಯ ಊಟ ಬೇರೆ ಮಾಡಿದ್ದರಿಂದ ಯಾರಿಗೂ ಲಾಭವಿಲ್ಲ, ಅವಳ ಮನಸ್ಸು ಮಾತ್ರ ಕೆಡುತ್ತದೆ.

ಕೆಮ್ಮಿಲ್ಲದ ಟಿಬಿ ಅಪರೂಪ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ದೇಶದಲ್ಲಿ ಪತ್ತೆಯಾಗುವ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕೈದು ಜನಕ್ಕೆ ಒಬ್ಬರದ್ದು ಶ್ವಾಸಕೋಶದ ಹೊರಗಿನದು. 2023ರಲ್ಲಿ ದೇಶದಲ್ಲಿ ನೋಂದಣಿಯಾದವರು ಸುಮಾರು 25 ಲಕ್ಷ. ಹಾಗಾದರೆ ಇಂಥವರು ಎಷ್ಟು ಲಕ್ಷ ಅಂತ ನೀವೇ ಲೆಕ್ಕ ಹಾಕಿ. ಎಚ್‌ಐವಿ ಇರುವವರಲ್ಲಂತೂ ಈ ಪಾಲು ಅರ್ಧದವರೆಗೂ ಹೋಗುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಟಿಬಿ ಇದೆ ಅಂತ ಬಂತಲ್ಲ, ಅದು ಶ್ವಾಸಕೋಶದ ಲೆಕ್ಕ ಮಾತ್ರ. ಎಕ್ಸ್‌ರೇ ತೆಗೆದು, ಕಫ ನೋಡಿ ಎಣಿಸಿದ್ದು. ನಿಮ್ಮ ತಂಗಿಯಂಥವರು ಆ ಎಣಿಕೆಯಲ್ಲಿ ಬರುವುದೇ ಇಲ್ಲ.

ರೋಗಾಣು ಕತ್ತಿಗೆ ಹೋಗಿದ್ದು ಹೇಗೆ? ಒಳಗೆ ಬಂದಿದ್ದು ಉಸಿರಿನಿಂದಲೇ. ಮೊದಲು ಶ್ವಾಸಕೋಶದಲ್ಲಿ ಇಳಿಯುತ್ತದೆ. ಮೊದಲ ಕೆಲವು ವಾರಗಳಲ್ಲಿ ದುಗ್ಧರಸ, ರಕ್ತದ ಜೊತೆ ಸೇರಿ ಮೈಯೆಲ್ಲ ಸುತ್ತುತ್ತದೆ. ಕತ್ತಿನ ಗ್ರಂಥಿ, ಬೆನ್ನೆಲುಬು, ಮೂತ್ರಪಿಂಡ, ಮಿದುಳಿನ ಪೊರೆ, ಎಲ್ಲಿ ಬೇಕಾದರೂ ಕೂತುಬಿಡುತ್ತದೆ. ಬಹಳ ಜನರಲ್ಲಿ ಅಲ್ಲೇ ಮಲಗಿರುತ್ತದೆ. ರೋಗಾಣು ಒಳಹೊಕ್ಕ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗ ಏಳುತ್ತದೆ. ಶ್ವಾಸಕೋಶ ಬಿಟ್ಟರೆ ಏಳುವ ಜಾಗಗಳಲ್ಲಿ ಮೊದಲ ಸಾಲಿನದು ಕತ್ತಿನ ಗ್ರಂಥಿ, ಅದೂ ಹರೆಯದ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಊರಿನವರು ಗಂಡಮಾಲೆ ಅಂದಿದ್ದು ತಪ್ಪಲ್ಲ. ಕತ್ತಿನ ಸುತ್ತ ಮಾಲೆಯ ಹಾಗೆ ಗಂಟುಗಳು ಏಳುವ ಈ ರೋಗಕ್ಕೆ ಹಳಬರು ಇಟ್ಟ ಹೆಸರೇ ಅದು. ಸೊಪ್ಪಿನಿಂದ ಕರಗುತ್ತದೆ ಅಂದಿದ್ದಷ್ಟೇ ತಪ್ಪು.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ಮಾತ್ರೆ ತಿಂದರೂ ಗಂಟು ಯಾಕೆ ದೊಡ್ಡದಾಯಿತು?

ಕತ್ತಿನ ಟಿಬಿಯಲ್ಲಿ ಹೀಗಾಗುವುದು ನನಗೆ ಹೊಸದಲ್ಲ. ಹತ್ತು ಜನರಲ್ಲಿ ಒಬ್ಬಿಬ್ಬರಿಗಾದರೂ ಚಿಕಿತ್ಸೆ ನಡೆಯುತ್ತಿರುವಾಗಲೇ ಗಂಟು ಊದುತ್ತದೆ, ಹೊಸದು ಏಳುತ್ತದೆ, ಕೆಲವೊಮ್ಮೆ ಕೀವಾಗಿ ಒಡೆಯುತ್ತದೆ. ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ. ಕಾರಣ ಇಷ್ಟು: ಮಾತ್ರೆಯಿಂದ ರೋಗಾಣು ಸಾಯುತ್ತದೆ. ಸತ್ತ ರೋಗಾಣುವಿನ ಚೂರುಗಳ ಮೇಲೆ ನಮ್ಮ ದೇಹವೇ ಮುಗಿಬೀಳುತ್ತದೆ. ಅಲ್ಲಿಯವರೆಗೆ ಮಂಕಾಗಿದ್ದ ರೋಗನಿರೋಧಕ ಶಕ್ತಿ ಚೇತರಿಸಿಕೊಂಡು ಜಗಳಕ್ಕೆ ನಿಂತಿದೆ. ಊತ ಆ ಜಗಳದ್ದು. ನೋಡುವವರಿಗೆ ರೋಗ ಹೆಚ್ಚಾದಂತೆ ಕಾಣುತ್ತದೆ, ಒಳಗೆ ಗುಣವಾಗುತ್ತಿರುತ್ತದೆ.

ಹಾಗಂತ ಎಲ್ಲರಿಗೂ ಇದೇ ಸಮಾಧಾನ ಹೇಳಿ ಕಳಿಸಲು ಆಗುವುದಿಲ್ಲ. ಔಷಧಿಗೆ ಬಗ್ಗದ ಟಿಬಿಯಲ್ಲೂ ಗಂಟು ಹೀಗೇ ದೊಡ್ಡದಾಗುತ್ತದೆ. ಎರಡನ್ನೂ ಮುಟ್ಟಿ ನೋಡಿ ಬೇರೆ ಮಾಡಲು ನನಗೂ ಬರುವುದಿಲ್ಲ. ನಾನು ಕೇಳುವ ಪ್ರಶ್ನೆಗಳು ಬೇರೆ. ತೂಕ ಏರಿದೆಯೇ? ಸಂಜೆ ಜ್ವರ, ರಾತ್ರಿ ಬೆವರು ನಿಂತಿದೆಯೇ? ಹಸಿವಾಗುತ್ತಿದೆಯೇ? ಇದಕ್ಕೆಲ್ಲ ಹೌದು ಅಂತ ಉತ್ತರ ಬಂದರೆ ನನಗೆ ಅರ್ಧ ನೆಮ್ಮದಿ. ಇನ್ನರ್ಧ ಪರೀಕ್ಷೆಯಿಂದ ಬರಬೇಕು.

ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಸೂಜಿ ಪರೀಕ್ಷೆ ಮಾಡಿದಾಗ ಒಳಗಿನ ರಸವನ್ನು ಗಾಜಿನ ಪಟ್ಟಿಯ ಮೇಲೆ ಮಾತ್ರ ನೋಡಿದರೋ, ಅಥವಾ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್, ಟ್ರೂನಾಟ್ ಯಂತ್ರಕ್ಕೂ ಹಾಕಿದರೋ? ಫೈಲ್ ತೆಗೆದು ನೋಡಿ. ಗಾಜಿನ ಪಟ್ಟಿಯಲ್ಲಿ ಕಾಣೋದು ಟಿಬಿಯ ಗುರುತು ಮಾತ್ರ. ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಅಂತ ಅದರಲ್ಲಿ ತಿಳಿಯುವುದಿಲ್ಲ. ಗುರುತು ಕೂಡ ಯಾವಾಗಲೂ ನೂರಕ್ಕೆ ನೂರು ಅಲ್ಲ. ಹರೆಯದ ಹುಡುಗಿಯರ ಕತ್ತಿನಲ್ಲಿ ಗಂಟು ತರುವ ಬೇರೆ ರೋಗಗಳೂ ಇವೆ. ಕೆಲವು ತಾವೇ ಕರಗುತ್ತವೆ, ಕೆಲವು ಗ್ರಂಥಿಯ ಕ್ಯಾನ್ಸರ್.

ಶ್ವಾಸಕೋಶದ ಹೊರಗಿನ ಟಿಬಿಯ ಕಷ್ಟವೇ ಇದು. ಶ್ವಾಸಕೋಶದ ರೋಗಿ ಬೆಳಿಗ್ಗೆ ಎದ್ದು ಡಬ್ಬಿಯಲ್ಲಿ ಕಫ ಉಗಿದು ಕೊಟ್ಟರೆ ಕೋಟ್ಯಂತರ ರೋಗಾಣು ಸಿಗುತ್ತದೆ. ಗಂಟಿನೊಳಗೆ, ಬೆನ್ನೆಲುಬಿನಲ್ಲಿ ರೋಗಾಣು ಬಹಳ ಕಡಿಮೆ. ಸೂಜಿ ಹಾಕಬೇಕು, ಕೆಲವೊಮ್ಮೆ ಕೊಯ್ದು ತುಣುಕು ತೆಗೆಯಬೇಕು. ಅಷ್ಟು ಮಾಡಿದರೂ ಕತ್ತಿನ ಗಂಟಿನಲ್ಲಿ ಐದಕ್ಕೆ ನಾಲ್ಕನ್ನು ಯಂತ್ರ ಹಿಡಿಯುತ್ತದೆ. ಎದೆಯಲ್ಲಿ ತುಂಬಿದ ನೀರಿನಲ್ಲಾದರೆ ಅರ್ಧದಷ್ಟು ತಪ್ಪಿಹೋಗುತ್ತದೆ. ಹಾಗಾಗಿ ರಿಪೋರ್ಟ್‌ನಲ್ಲಿ "ಕಂಡುಬಂದಿಲ್ಲ" ಅಂತ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅಂತ ಅರ್ಥವಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದಿನ ಮಾತು. ಹೊಲಕ್ಕೆ ಕೂಲಿಗೆ ಹೋಗುವ ಹುಡುಗ, ಆರು ತಿಂಗಳಿಂದ ಬೆನ್ನು ನೋವು. ಎಂಆರ್‌ಐಯಲ್ಲಿ ಎರಡು ಮೂಳೆ ಸವೆದು ನಡುವೆ ಕೀವು. ಸೂಜಿ ಹಾಕಿ ತುಣುಕು ತೆಗೆಸಲು ಚೀಟಿ ಬರೆದೆ. ಯಾವ ಬಾಟಲಿಯಲ್ಲಿ ಹಾಕಬೇಕು ಅಂತ ಬರೆಯಲಿಲ್ಲ. ತೆಗೆದ ತುಣುಕೆಲ್ಲ ಫಾರ್ಮಲಿನ್‌ಗೆ, ಅಂದರೆ ತುಣುಕು ಕೊಳೆಯದಂತೆ ಇಡುವ ರಾಸಾಯನಿಕಕ್ಕೆ ಹೋಯಿತು. ಫಾರ್ಮಲಿನ್‌ನಲ್ಲಿ ರೋಗಾಣು ಸತ್ತುಹೋಗುತ್ತದೆ. ಆಮೇಲೆ ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡುವುದು ಇಲ್ಲ, ಔಷಧಿ ನಾಟುತ್ತದೋ ಇಲ್ಲವೋ ನೋಡುವ ದಾರಿಯೂ ಇಲ್ಲ. ಟಿಬಿ ಅಂತ ರಿಪೋರ್ಟ್ ಬಂತು, ಸಾಮಾನ್ಯ ಮಾತ್ರೆ ಕೊಟ್ಟೆವು. ನಾಲ್ಕು ತಿಂಗಳಾದ ಮೇಲೆ ಹುಡುಗನ ಕಾಲು ಜೋಮು ಹಿಡಿಯಲು ಶುರುವಾಯಿತು. ಎರಡನೇ ಸಲ ತೆಗೆಸಿದ ತುಣುಕಿನಲ್ಲಿ ರಿಫಾಂಪಿಸಿನ್ ಎಂಬ ಮುಖ್ಯ ಟಿಬಿ ಔಷಧಿ ನಾಟುವುದಿಲ್ಲ ಅಂತ ಗೊತ್ತಾಯಿತು. ಒಂದು ಸಾಲು ಬರೆಯದೆ ಇದ್ದದ್ದಕ್ಕೆ ನಾಲ್ಕು ತಿಂಗಳು ಹೋದವು. ಅವತ್ತಿನಿಂದ ಪ್ರತಿ ಚೀಟಿಯಲ್ಲೂ ಬರೆಯುತ್ತೇನೆ: ಒಂದು ತುಣುಕು ಫಾರ್ಮಲಿನ್‌ಗೆ, ಇನ್ನೊಂದು ಬರೀ ಸಲೈನ್‌ಗೆ.

ನಿಮಗೂ ಅದನ್ನೇ ಹೇಳುವುದು. ಈಗ ಗಂಟು ಮೆತ್ತಗಾಗಿದೆ ಅಂತೀರಿ. ಒಳಗೆ ಕೀವು ತುಂಬಿರಬಹುದು. ಸೂಜಿಯಿಂದ ಅದನ್ನು ತೆಗೆಸಿ. ತಂಗಿಯ ನೋವೂ ಇಳಿಯುತ್ತದೆ, ಪರೀಕ್ಷೆಗೆ ಮಾಲೂ ಸಿಗುತ್ತದೆ. ಆ ಕೀವು ಸಲೈನ್ ಇರುವ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಬಿನಾಟ್‌ಗೂ ಕಲ್ಚರ್‌ಗೂ ಎರಡಕ್ಕೂ ಹೋಗಲಿ. ಕೇಳಲು ಸಂಕೋಚ ಬೇಡ. "ಸರ್, ಔಷಧಿ ನಾಟುವ ಪರೀಕ್ಷೆಗೂ ಕಳಿಸ್ತೀರಲ್ವಾ?" ಅಂದರೆ ಸಾಕು. ಟಿಬಿ ಕಾರ್ಯಕ್ರಮದಲ್ಲಿ ಈ ಪರೀಕ್ಷೆಗಳಿಗೆ ದುಡ್ಡಿಲ್ಲ.

ಕೊಯ್ಸುವುದು ಮಾತ್ರ ಬೇಡ. ಟಿಬಿ ಗಂಟನ್ನು ಸಾಮಾನ್ಯ ಕುರುವಿನ ಹಾಗೆ ಸೀಳಿಬಿಟ್ಟರೆ ಗಾಯ ಮಾಯುವುದಿಲ್ಲ. ತಿಂಗಳುಗಟ್ಟಲೆ ಸೋರುತ್ತದೆ, ಕತ್ತಿನಲ್ಲಿ ಕಲೆ ಉಳಿಯುತ್ತದೆ. ಅನುಭವ ಇರುವವರು ಸೂಜಿಯನ್ನೂ ಗಂಟಿನ ನೆತ್ತಿಗೆ ನೇರವಾಗಿ ಚುಚ್ಚುವುದಿಲ್ಲ. ಪಕ್ಕದ ಒಳ್ಳೆ ಚರ್ಮದಿಂದ ಓರೆಯಾಗಿ ಒಳಗೆ ಹಾಕುತ್ತಾರೆ.

ರಿಪೋರ್ಟ್ ಬಂದ ಮೇಲೆ ಅದನ್ನು ಓದೋದರಲ್ಲೂ ಎರಡು ಸಿಕ್ಕುಗಳಿವೆ. ಹತ್ತು ವಾರ ಮಾತ್ರೆ ತಿಂದ ಮೇಲೆ ಸಿಬಿನಾಟ್ ಮತ್ತೆ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ಆ ಯಂತ್ರ ನೋಡೋದು ರೋಗಾಣುವಿನ ಡಿಎನ್‌ಎಯನ್ನು. ಸತ್ತ ರೋಗಾಣುವಿನ ಡಿಎನ್‌ಎಯೂ ಅದಕ್ಕೆ ಸಿಗುತ್ತದೆ. ಬದುಕಿದೆಯೋ ಇಲ್ಲವೋ ಅಂತ ಹೇಳೋದು ಕಲ್ಚರ್. ಅದಕ್ಕೆ ಆರು ವಾರದವರೆಗೂ ಕಾಯಬೇಕು. ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇದ್ದು, ತಂಗಿ ಮೈಕೈ ತುಂಬಿಕೊಳ್ಳುತ್ತಿದ್ದರೆ ಊತ ಆ ಜಗಳದ್ದೇ. ಮಾತ್ರೆ ಅದೇ ಮುಂದುವರಿಯುತ್ತದೆ. ಊತ ಅತಿಯಾದರೆ ಡಾಕ್ಟರ್ ಕೆಲವು ದಿನ ಊತ ಇಳಿಸುವ ಸ್ಟೀರಾಯ್ಡ್ ಸೇರಿಸಬಹುದು.

ಎರಡನೆಯದು ಇನ್ನೂ ಮುಖ್ಯ. ಸಿಬಿನಾಟ್ ನೋಡೋದು ರಿಫಾಂಪಿಸಿನ್ ಒಂದನ್ನೇ. "ರಿಫಾಂಪಿಸಿನ್‌ಗೆ ಪ್ರತಿರೋಧ ಇಲ್ಲ" ಅಂತ ಬಂದರೆ ಎಲ್ಲ ಔಷಧಿಯೂ ನಾಟುತ್ತದೆ ಅಂತಲ್ಲ. 2014ರಿಂದ 2016ರವರೆಗೆ ದೇಶಾದ್ಯಂತ ಟಿಬಿ ಔಷಧಿಗಳ ಪ್ರತಿರೋಧದ ಸಮೀಕ್ಷೆ ನಡೆಯಿತು. ರಿಫಾಂಪಿಸಿನ್, ಐಸೋನಿಯಾಜಿಡ್ ಎಂಬ ಎರಡೂ ಮುಖ್ಯ ಔಷಧಿಗೆ ಬಗ್ಗದ ಟಿಬಿಯನ್ನು ಎಂಡಿಆರ್ ಅಂತೀವಿ. ಹೊಸ ರೋಗಿಗಳಲ್ಲಿ ಅದು ಸಿಕ್ಕಿದ್ದು 2.84 ಶೇಕಡಾ. ಮೊದಲೊಮ್ಮೆ ಟಿಬಿ ಔಷಧಿ ತಿಂದವರಲ್ಲಿ 11.6 ಶೇಕಡಾ. ಆದರೆ ಐಸೋನಿಯಾಜಿಡ್ ಒಂದಕ್ಕೆ ಬಗ್ಗದ್ದನ್ನೂ ಸೇರಿಸಿ ನೋಡಿದರೆ ಹೊಸಬರಲ್ಲೇ ಅದು 11 ಶೇಕಡಾ. ಅಂದರೆ ಒಂಬತ್ತು ಜನಕ್ಕೆ ಒಬ್ಬರು. ಆ ಸಮೀಕ್ಷೆ ನಡೆದಿದ್ದು ಕಫದ ರೋಗಿಗಳಲ್ಲಿ. ಆದರೆ ಕತ್ತಿನ ಗಂಟಿಗೆ ಬರುವ ರೋಗಾಣುವೂ ಯಾರದೋ ಶ್ವಾಸಕೋಶದಿಂದಲೇ ಬಂದದ್ದು, ಅಲ್ವಾ? ಹಾಗಾಗಿ ನಾನು ರಿಫಾಂಪಿಸಿನ್ ರಿಪೋರ್ಟ್ ಒಂದಕ್ಕೆ ಸುಮ್ಮನಾಗುವುದಿಲ್ಲ. ಕಲ್ಚರ್‌ನಲ್ಲಿ ರೋಗಾಣು ಬೆಳೆದರೆ ಎಲ್‌ಪಿಎ ಎಂಬ ಪರೀಕ್ಷೆಯಿಂದ ಐಸೋನಿಯಾಜಿಡ್ ಕೂಡ ಗೊತ್ತಾಗುತ್ತದೆ. ಅದೊಂದಕ್ಕೇ ಪ್ರತಿರೋಧ ಇದ್ದರೆ ಹೆದರುವಂಥದ್ದಲ್ಲ. ಅದರ ಬದಲು ಲಿವೊಫ್ಲಾಕ್ಸಾಸಿನ್ ಸೇರಿಸಿ ಆರು ತಿಂಗಳ ಚಿಕಿತ್ಸೆ ಇದೆ. ಎಂಡಿಆರ್ ಆದರೂ ಈಗ ಮೊದಲಿನ ಹಾಗೆ ಎರಡು ವರ್ಷ, ದಿನಾ ಸೂಜಿ ಅಂತ ಇಲ್ಲ. ಬೆಡಾಕ್ವಿಲಿನ್, ಪ್ರಿಟೋಮನಿಡ್ ಇರುವ ಆರು ತಿಂಗಳ ಹೊಸ ಚಿಕಿತ್ಸೆ ಬಂದಿದೆ. ಕತ್ತಿನ ಗಂಟಿಗೆ ಅದು ನಡೆಯುತ್ತದೆ. ಮಿದುಳು, ಮೂಳೆ, ಮೈಯೆಲ್ಲ ಹರಡಿದ ಟಿಬಿಗೆ ಮಾತ್ರ ಉದ್ದದ ಚಿಕಿತ್ಸೆಯೇ ಬೇಕು.

ಲಿವೊಫ್ಲಾಕ್ಸಾಸಿನ್ ಹೆಸರು ಬಂತು, ಹೇಳಿಯೇಬಿಡುತ್ತೇನೆ. ಹಳ್ಳಿಗಳಲ್ಲಿ ಜ್ವರಕ್ಕೆ, ಕೆಮ್ಮಿಗೆ, ಗಂಟಿಗೆ ಇದೇ ಗುಂಪಿನ ಮಾತ್ರೆಯನ್ನು ಐದು ದಿನ ಕೊಟ್ಟು ಕಳಿಸುವವರಿದ್ದಾರೆ. ಟಿಬಿಗೂ ಅದು ಸ್ವಲ್ಪ ನಾಟುತ್ತದೆ. ಜ್ವರ ಇಳಿಯುತ್ತದೆ, ಜನ ಮನೆಗೆ ಹೋಗುತ್ತಾರೆ, ಒಳಗೆ ಉಳಿದ ರೋಗಾಣು ಆ ಔಷಧಿಯನ್ನು ಕಲಿತುಕೊಳ್ಳುತ್ತದೆ. ಕೀಲು ನೋವಿಗೆ ಅಂತ ವಾರಕ್ಕೊಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕುವವರೂ ಇದ್ದಾರೆ. ಮಲಗಿದ ಟಿಬಿಯನ್ನು ಎಬ್ಬಿಸಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಈ ಎರಡರ ಬಗ್ಗೆ ನನಗಿರುವಷ್ಟು ಸಿಟ್ಟು ಸೊಪ್ಪು ಕಟ್ಟುವವರ ಮೇಲೆ ಇಲ್ಲ.

ಇನ್ನು ಮಲಗಿದ ಟಿಬಿ ಯಾರಿಗೆ ಹೆಚ್ಚು ಏಳುತ್ತದೆ ಅಂತ. ಎಚ್‌ಐವಿ ಇರುವವರಿಗೆ, ಹಾಗಾಗಿ ಪ್ರತಿ ಟಿಬಿ ರೋಗಿಗೂ ಆ ಪರೀಕ್ಷೆ ಮಾಡುತ್ತಾರೆ, ತಂಗಿಗೂ ಮಾಡಿರುತ್ತಾರೆ, ತಪ್ಪು ತಿಳಿಯಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಕೂಡ. ನಮ್ಮ ರಾಯಚೂರು, ಕೊಪ್ಪಳ ಕಡೆ ನಾನು ಇವೆಲ್ಲಕ್ಕಿಂತ ಮೇಲೆ ಇಡೋದು ಹೊಟ್ಟೆಗೆ ಸಾಲದ್ದನ್ನು. ಗುಳೆ ಹೋಗಿ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ತೂಕ 36, 38 ಕೆಜಿ ಇರುತ್ತದೆ. ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಟಿಬಿ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆಯಂಥ ರೇಷನ್ ಹೆಚ್ಚುವರಿ ಕೊಟ್ಟರು, ಅಷ್ಟೇ. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಸುಮಾರು 40 ಶೇಕಡಾ ಕಡಿಮೆಯಾಯಿತು. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರದಿಂದ ತಂಗಿಗೆ ಬರುವ ನಿಕ್ಷಯ್ ಪೋಷಣ್ ದುಡ್ಡು, 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ, ಗಂಟಿನ ಟಿಬಿಗೂ ಉಂಟು. ಖಾತೆಗೆ ಬಂದಿಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಬಂದಿದ್ದರೆ ಅದು ಮೊಟ್ಟೆ, ಶೇಂಗಾ, ಬೇಳೆಗೇ ಹೋಗಲಿ.

ಹಾಲಿನ ಮಾತೂ ಇದೆ. ದನದ ಟಿಬಿ ಹಸಿ ಹಾಲಿನಿಂದ ಬರಬಹುದು, ಬಂದರೆ ಕತ್ತಿನ ಗ್ರಂಥಿ ಇಲ್ಲವೇ ಹೊಟ್ಟೆಯಲ್ಲೇ ಕೂರೋದು. ನಮ್ಮಲ್ಲಿ ಹಾಲು ಕಾಯಿಸದೆ ಕುಡಿಯುವವರು ಕಡಿಮೆ, ಪುಣ್ಯ. ಆದರೆ ಮಕ್ಕಳಿಗೆ ಶಕ್ತಿ ಬರಲಿ ಅಂತ ಕೆಚ್ಚಲಿನಿಂದ ನೇರ ನೊರೆಹಾಲು ಕುಡಿಸುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ನಿಮ್ಮ ಮನೆಯಲ್ಲಿದ್ದರೆ ಬಿಡಿ.

ತಂಗಿಯ ಮಾತ್ರೆ ಒಟ್ಟು ಆರು ತಿಂಗಳು. ಕೊನೆಯಲ್ಲಿ ಕಡಲೆಕಾಳಿನಷ್ಟು ಗಂಟು ಉಳಿದರೂ ಪರವಾಗಿಲ್ಲ. ಬೆಳೆಯದೆ ಇದ್ದರೆ ಅದು ಗಾಯದ ಗುರುತು. ಮೂತ್ರ ಕಿತ್ತಳೆ ಬಣ್ಣ ಬರೋದು ರಿಫಾಂಪಿಸಿನ್‌ನಿಂದ, ಚಿಂತೆಯಿಲ್ಲ. ಕಣ್ಣು ಹಳದಿಯಾದರೆ, ಊಟ ಕಂಡರೆ ವಾಂತಿ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಯಕೃತ್ತಿಗೆ ಪೆಟ್ಟಾಗಿರಬಹುದು. ಟಿಬಿ ಔಷಧಿಗಳಲ್ಲಿ ಒಂದಾದ ಎಥಾಂಬುಟಾಲ್ ಕೆಲವರ ಕಣ್ಣಿಗೆ ತೊಂದರೆ ಕೊಡುತ್ತದೆ. ನಾನು ಹೆಣ್ಣುಮಕ್ಕಳಿಗೆ ಹೇಳೋದು, ಹಸಿಮೆಣಸಿನಕಾಯಿ ಕೆಂಪುಮೆಣಸಿನಕಾಯಿ ಬೆರೆಸಿ ಇಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ, ಬಣ್ಣ ಮಂಕಾದರೆ ಬನ್ನಿ ಅಂತ.

ಮದುವೆ ನಿಲ್ಲಿಸಬೇಕಿಲ್ಲ. ಮುಂದಿನ ವರ್ಷದ ಹೊತ್ತಿಗೆ ಚಿಕಿತ್ಸೆ ಮುಗಿದಿರುತ್ತದೆ. ಒಂದು ವೇಳೆ ಬೇಗ ಮದುವೆಯಾದರೆ ಮಾತ್ರೆ ಮುಗಿಯುವವರೆಗೆ ಗರ್ಭ ಮುಂದೂಡಲಿ. ರಿಫಾಂಪಿಸಿನ್ ಇರುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇರೆ ದಾರಿ ಬೇಕು. ಗಂಡಿನ ಮನೆಯವರಿಗೆ ಹೇಳಬೇಕೋ ಬೇಡವೋ ಅನ್ನೋದು ತಂಗಿಯ ತೀರ್ಮಾನ. ನನ್ನನ್ನು ಕೇಳಿದರೆ ಹೇಳಿಬಿಡೋದೇ ವಾಸಿ. ಮುಚ್ಚಿಟ್ಟು ಮಾತ್ರೆ ಕದ್ದು ತಿನ್ನುವ ಹುಡುಗಿಯರೇ ಮಾತ್ರೆ ಬಿಡುವುದು.

ಕೊನೆಗೆ ನಿಮ್ಮ ತಾತನ ವಿಷಯ. ನೀವು ಅವರ ಹೆಸರು ತೆಗೆದಿದ್ದು ತಂಗಿಯಿಂದ ಅವರಿಗೆ ಬಂದೀತು ಅಂತ. ನನಗೆ ಪತ್ರ ಓದುವಾಗ ಉಲ್ಟಾ ಅನಿಸಿತು. ತಂಗಿಗೆ ರೋಗಾಣು ಬಂದಿದ್ದು ಯಾರದೋ ಕೆಮ್ಮಿನಿಂದ. ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿ ಇರಲಿ, ಹಟ್ಟಿಯಂಥ ಚಿನ್ನದ ಗಣಿ ಇರಲಿ, ಗಟ್ಟಿ ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅದಿರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ, ಕೆಲಸ ಬಿಟ್ಟು ವರ್ಷಗಳಾದ ಮೇಲೂ. ಇಂಥವರ ಕೆಮ್ಮನ್ನು ಮನೆಯಲ್ಲಿ ಎಲ್ಲರೂ "ದಮ್ಮು" ಅಂತ ಒಪ್ಪಿಕೊಂಡುಬಿಟ್ಟಿರುತ್ತಾರೆ. ಪರೀಕ್ಷೆ ಮಾಡಿಸುವವರೇ ಇಲ್ಲ. ತಾತನಿಗೆ ಟಿಬಿ ಇದೆ ಅಂತ ನಾನು ಹೇಳುತ್ತಿಲ್ಲ. ನೋಡಿಸದೆ ಇಲ್ಲ ಅಂತಲೂ ಹೇಳಲಾರೆ.

ತಂಗಿಯನ್ನು ಸೂಜಿ ಪರೀಕ್ಷೆಗೆ ಕರೆದುಕೊಂಡು ಹೋಗುವ ದಿನವೇ ತಾತನನ್ನೂ ಕರೆದುಕೊಂಡು ಹೋಗಿ. ಹಿಂದಿನ ದಿನ ಕಫದ ಡಬ್ಬಿ ತಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಅಂಗಳದಲ್ಲಿ ಕೂತು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲಲ್ಲ. ಜೊತೆಗೆ ಒಂದು ಎಕ್ಸ್‌ರೇ. ಅವರ ಕಫದಲ್ಲಿ ರೋಗಾಣು ಸಿಕ್ಕರೆ ಔಷಧಿ ನಾಟುತ್ತದೋ ಇಲ್ಲವೋ ಅನ್ನೋದೂ ಅದರಲ್ಲೇ ತಿಳಿಯುತ್ತದೆ. ತಂಗಿಯ ಗಂಟು ಹೇಳದ್ದನ್ನು ಎಷ್ಟೋ ಸಲ ತಾತನ ಕಫ ಹೇಳಿಬಿಡುತ್ತದೆ. ತಾತನ ಕಫದಲ್ಲಿ ಟಿಬಿ ಸಿಕ್ಕರೆ, ನಿಮ್ಮ ಮೂರು ವರ್ಷದ ಮಗಳಿಗೆ ಟಿಬಿ ಇಲ್ಲ ಅಂತ ನೋಡಿ, ಬರದ ಹಾಗೆ ತಡೆಯುವ ಔಷಧಿಯನ್ನೂ ಆಗಲೇ ಶುರು ಮಾಡುತ್ತಾರೆ. ಅಲ್ಲಿಯವರೆಗೆ ಮಗಳನ್ನು ತಾತನ ಹಾಸಿಗೆಯಲ್ಲಿ ಮಲಗಿಸಬೇಡಿ. ಕಿಟಕಿ ತೆರೆದಿಡಿ. ಅವರ ತಟ್ಟೆ ಲೋಟವನ್ನು ಮಾತ್ರ ಬೇರೆ ಮಾಡಬೇಡಿ.